ಮುಳ್ಳು ತೋರಿಸಿದ ಬೆಳಕು

ನವೆಂಬರ್ 18

ಅಕ್ಕ,

ತಲುಪಿ ಒಂಬತ್ತು ದಿನವಾಯಿತು. ಒಂದು ಸಾಲೂ ಬರೆಯಲಿಲ್ಲವೆಂದು ನೀನು ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ಇಲ್ಲಿಗೆ ಅಂಚೆಯವನು ಬರುವುದು ವಾರಕ್ಕೊಂದೇ ಸಲ. ಫೋನು ಮಾಲೀಕನ ಕೋಣೆಯಲ್ಲಿದೆ, ಕೋಣೆಗೆ ಬೀಗವಿದೆ.

ಇಲ್ಲಿ ಇರುವುದೆಲ್ಲ ಬಿಳುಪು. ನೆಲ ಬಿಳುಪು, ರಾಶಿ ಬಿಳುಪು, ಮಧ್ಯಾಹ್ನದ ಹೊತ್ತಿಗೆ ಆಕಾಶವೂ ಬಿಳುಪು. ಎರಡು ಕುದಿಮನೆಗಳಿವೆ. ತಗಡಿನ ದೊಡ್ಡ ಶೆಡ್ಡು, ಒಳಗೆ ಕೊಳದಷ್ಟು ಅಗಲದ ಕಬ್ಬಿಣದ ಕಡಾಯಿ, ಅದರಡಿಯಲ್ಲಿ ಹಗಲೂ ಇರುಳೂ ಬೆಂಕಿ. ಉಪ್ಪುನೀರು ಕುದಿದು ಗಟ್ಟಿಯಾಗುತ್ತಿದ್ದಂತೆ ಹೆಂಗಸರು ಕಡಾಯಿಯಂಚಿನ ಹಲಗೆಯ ಮೇಲೆ ನಿಂತು ಉದ್ದ ಕೋಲಿನಲ್ಲಿ ಉಪ್ಪನ್ನು ಎಳೆದು ಬುಟ್ಟಿಗೆ ತುಂಬುತ್ತಾರೆ. ಒಂದು ವರ್ಷ ಇವರ ಜೊತೆಗಿದ್ದು ಇವರ ಮುಖಗಳನ್ನು ತೆಗೆಯುವುದು ನನ್ನ ಕೆಲಸ. ಪ್ರಶಸ್ತಿ ಕೊಟ್ಟ ಸಂಸ್ಥೆಯವರು ವರ್ಷದ ಕೊನೆಗೆ ಪುಸ್ತಕ ಮಾಡುತ್ತಾರಂತೆ.

ಅಪ್ಪನ ಕ್ಯಾಮೆರಾ ಚೆನ್ನಾಗಿದೆ. ನೀನು ಶುಚಿ ಮಾಡಿ ಕೊಟ್ಟ ಮೇಲೆ ಉಂಗುರಗಳು ಬೆಣ್ಣೆಯ ಹಾಗೆ ತಿರುಗುತ್ತವೆ. ಆದರೆ ಕಿಂಡಿಯಲ್ಲಿ ಕಣ್ಣಿಟ್ಟರೆ ಬಲಗಡೆ ಕಾಣುತ್ತದಲ್ಲ, ಲೈಟ್ ಮೀಟರಿನ ಮುಳ್ಳು, ಅದು ಇಲ್ಲಿ ಹುಚ್ಚು ಹಿಡಿದಂತೆ ಮೇಲಕ್ಕೆ ಹಾರುತ್ತದೆ. ಅದನ್ನು ನಡುಗೆರೆಗೆ ತಂದು ನಿಲ್ಲಿಸಲು ಲೆನ್ಸಿನ ಬಾಯಿಯನ್ನು ಪೂರ್ತಿ ಕಿರಿದು ಮಾಡಬೇಕು. ಇದು ಸರಿಯೇ? ಇಷ್ಟು ದಿನ ಎರವಲು ತಂದ ಆಟೊಮ್ಯಾಟಿಕ್ ಕ್ಯಾಮೆರಾದಲ್ಲಿ ತೆಗೆದವಳು ನಾನು. ಮುಳ್ಳಿನ ಜೊತೆ ಸಂಸಾರ ಮಾಡುವುದು ನನಗೆ ಹೊಸತು.

ಇಲ್ಲಿ ಫಿಲ್ಮ್ ತೊಳೆಯಲು ಸಿಹಿನೀರಿಲ್ಲ. ಕುಡಿಯುವ ನೀರೇ ಟ್ಯಾಂಕರಿನಲ್ಲಿ ಬರುತ್ತದೆ. ರೋಲುಗಳನ್ನು ನಿನಗೇ ಕಳಿಸುತ್ತೇನೆ, ನೀನೇ ತೊಳೆದಿಡು. ಹೇಗೂ ಕ್ಯಾಮೆರಾ ರಿಪೇರಿ ಅಂಗಡಿಯಲ್ಲಿ ಕೂತೇ ಇರುತ್ತೀಯಲ್ಲ.

ಅವಸರದಲ್ಲಿ,
ತಂಗಿ

ಡಿಸೆಂಬರ್ 2

ತಂಗಿಗೆ,

ಕಾಗದವೂ ಎರಡು ರೋಲೂ ಬಂದವು. ತೊಳೆದು ಒಣಗಲು ಹಾಕಿದ್ದೇನೆ. ಚೆನ್ನಾಗಿ ಬಂದಿವೆ.

ಮುಳ್ಳಿನ ವಿಷಯ ಕೇಳಿದ್ದೀಯ. ಅಪ್ಪ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳುತ್ತಿದ್ದರು, ನೀನು ಕಿಟಕಿಯಾಚೆ ನೋಡುತ್ತಿದ್ದೆ. ಆದ್ದರಿಂದ ಮತ್ತೊಮ್ಮೆ ಬರೆಯುತ್ತೇನೆ.

ಈ ಕ್ಯಾಮೆರಾದಲ್ಲಿ ನೀನು ಲೆನ್ಸಿನ ಮೂಲಕ ನೋಡುವುದಿಲ್ಲ, ಪಕ್ಕದ ಕಿಂಡಿಯಿಂದ ನೋಡುತ್ತೀಯ. ಲೆನ್ಸಿನ ಮುಚ್ಚಳ ತೆಗೆಯಲು ಮರೆತರೂ ನಿನಗೆ ಲೋಕ ಕಾಣುತ್ತಲೇ ಇರುತ್ತದೆ. ಮೀಟರೂ ಅಷ್ಟೇ. ಲೆನ್ಸಿನ ಮೇಲ್ಗಡೆ ಹುರುಳಿಕಾಳಿನಷ್ಟು ಗಾಜಿದೆಯಲ್ಲ, ಅದರ ಹಿಂದೆ ಬೆಳಕಿಗೆ ಸ್ಪಂದಿಸುವ ಒಂದು ಬಿಲ್ಲೆ. ಬೆಳಕು ಹೆಚ್ಚು ಬಿದ್ದರೆ ಬ್ಯಾಟರಿಯಿಂದ ಹೆಚ್ಚು ಕರೆಂಟು ಬಿಟ್ಟುಕೊಡುತ್ತದೆ, ಮುಳ್ಳು ಏಳುತ್ತದೆ. ಕಡಿಮೆಯಾದರೆ ಮುಳ್ಳು ಮಲಗುತ್ತದೆ. ಅದಕ್ಕೆ ಗೊತ್ತಿರುವುದು ಇಷ್ಟೇ. ಮುಖ ಗೊತ್ತಿಲ್ಲ, ಉಪ್ಪು ಗೊತ್ತಿಲ್ಲ. ಎದುರಿಗಿರುವುದೆಲ್ಲ ಬೂದಿ ಬಣ್ಣದ್ದೆಂದೇ ಅದರ ನಂಬಿಕೆ. ಬಿಳಿ ಗೋಡೆ ತೋರಿಸಿದರೆ, ‘ಅಬ್ಬಾ, ಬೂದಿ ಇಷ್ಟು ಹೊಳೆಯಬೇಕಾದರೆ ಎಷ್ಟು ಬಿಸಿಲಿರಬೇಕು’ ಎಂದುಕೊಂಡು ಲೆನ್ಸನ್ನು ಮುಚ್ಚು ಮುಚ್ಚು ಎನ್ನುತ್ತದೆ. ಅದರ ಮಾತು ಕೇಳಿದರೆ ಬಿಳುಪು ಬೂದಿಯಾಗುತ್ತದೆ, ಬೂದಿ ಕಪ್ಪಾಗುತ್ತದೆ.

ನೀನು ಉಪ್ಪಿನ ನಡುವೆ ಹೋಗುತ್ತೀಯೆಂದು ತಿಳಿದಾಗಲೇ ನಾನು ಇದನ್ನು ಯೋಚಿಸಿದ್ದೆ. ಹಳೆಯ ಬ್ಯಾಟರಿ ಈಗ ಸಿಗುವುದಿಲ್ಲ, ಹೊಸದರ ಶಕ್ತಿ ಹೆಚ್ಚು. ಅದಕ್ಕಾಗಿ ಹೇಗೂ ಒಳಗಿನ ಸಣ್ಣ ತಿರುಪನ್ನು ಮುಟ್ಟಬೇಕಿತ್ತು. ಮುಟ್ಟಿದ ಕೈಯಲ್ಲೇ ಅಲ್ಲಿಯ ಬಿಳುಪಿಗೂ ಸೇರಿಸಿ ಹೊಂದಿಸಿದ್ದೇನೆ. ಲೆಕ್ಕವೆಲ್ಲ ನಾನು ಹಾಕಿಯಾಗಿದೆ. ನೀನು ನಿನ್ನ ಬುದ್ಧಿ ಓಡಿಸಬೇಡ, ಮುಳ್ಳು ಹೇಳಿದಂತೆ ಕೇಳು.

ಗಾಜಿನ ಮೇಲೆ ಉಪ್ಪಿನ ಧೂಳು ಕೂರದಂತೆ ಹತ್ತಿಬಟ್ಟೆಯಲ್ಲಿ ಒರೆಸುತ್ತಿರು.

ಅಕ್ಕ

ಡಿಸೆಂಬರ್ 20

ಅಕ್ಕ,

ನಿನ್ನ ಪಾಠ ಓದಿ ಅಪ್ಪನ ಗಂಟಲೇ ಕೇಳಿಸಿತು. ನೀನು ಯಾವುದಾದರೂ ಶಾಲೆಯಲ್ಲಿ ಮೇಷ್ಟ್ರಾಗಬೇಕಿತ್ತು. ತಿರುಪು ಬಿಗಿಯುತ್ತಾ ಇಡೀ ಆಯಸ್ಸು ಕಳೆದುಬಿಟ್ಟೆ.

ಇಲ್ಲಿ ನನಗೊಬ್ಬ ಗೆಳತಿ ಸಿಕ್ಕಿದ್ದಾಳೆ. ವಯಸ್ಸು ಇಪ್ಪತ್ತಾರಿರಬೇಕು. ಬಾಯಿ ಮುಚ್ಚುವುದೇ ಇಲ್ಲವಾದ್ದರಿಂದ ಎಲ್ಲರೂ ಅವಳನ್ನು ಗಿಳಿ ಎನ್ನುತ್ತಾರೆ. ಎರಡನೇ ಕುದಿಮನೆಯ ಹೆಂಗಸರ ಮುಂದಾಳು ಅವಳ ತಾಯಿ, ದೊಡ್ಡಮ್ಮ. ನಿನ್ನೆ ನೀರಿನ ಟ್ಯಾಂಕರ್ ಬಾರದೆ ಎಲ್ಲರೂ ಒಣಗಿದ ತುಟಿಯಲ್ಲಿ ಕೂತಿದ್ದಾಗ ಗಿಳಿ ಹೇಳಿದಳು: “ಉಪ್ಪು ತಿಂದೋರು ನೀರು ಕುಡೀಲೇಬೇಕು ಅಂತಾರೆ. ಉಪ್ಪು ಮಾಡೋರು ಏನು ಕುಡೀಬೇಕು ಅಂತ ಯಾರೂ ಹೇಳಿಲ್ಲ ನೋಡಿ!” ಎಲ್ಲರೂ ಬಿದ್ದು ಬಿದ್ದು ನಕ್ಕರು. ದೊಡ್ಡಮ್ಮ ಮಾತ್ರ, “ನಗಬೇಡ್ರೇ, ಬಾಯಾರಿಕೆ ಜಾಸ್ತಿಯಾಗತ್ತೆ” ಎಂದಳು.

ಇವರಲ್ಲಿ ಹೆಚ್ಚಿನವರ ಹೆಸರು ಹಾಜರಿ ಪುಸ್ತಕದಲ್ಲಿಲ್ಲ. ಶೆಡ್ಡಿನ ಬಾಗಿಲಲ್ಲಿ ಕರಿಹಲಗೆ ಇದೆ. ಮೇಸ್ತ್ರಿ ದಿನಾ ಬೆಳಿಗ್ಗೆ ಸೀಮೆಸುಣ್ಣದಲ್ಲಿ ತಾರೀಕು ಬರೆದು, ಪಕ್ಕದಲ್ಲಿ ‘ಆಳು: 3’ ಎಂದು ಬರೆಯುತ್ತಾನೆ. ಒಳಗೆ ಹೋಗುವವರು ಹನ್ನೆರಡೋ ಹದಿನಾಲ್ಕೋ.

ಒಂದು ಅನುಮಾನ. ಬಿಳಿ ರಾಶಿಯ ಮುಂದೆ ಇವರನ್ನು ನಿಲ್ಲಿಸಿದಾಗ, ತಲೆಗೆ ಕಟ್ಟಿದ ಬಟ್ಟೆಯ ನೆರಳಿನಲ್ಲಿ ಮುಖ ಕಪ್ಪಾಗಿ ಕಾಣುತ್ತದೆ. ನನ್ನ ಕಣ್ಣು ‘ಲೆನ್ಸ್ ತೆರೆ, ಇನ್ನೂ ತೆರೆ’ ಎನ್ನುತ್ತದೆ. ಮುಳ್ಳು ‘ಮುಚ್ಚು’ ಎನ್ನುತ್ತದೆ. ಯಾರ ಮಾತು ಕೇಳಲಿ?

ಹೇಳಲು ಮರೆತೆ. ನನಗೆ ಪ್ರಶಸ್ತಿ ತಂದ ನಿನ್ನ ಚಿತ್ರ ಪ್ರದರ್ಶನದ ಜೊತೆ ಈಗ ಮೂರನೆಯ ನಗರಕ್ಕೆ ಹೋಗಿದೆಯಂತೆ. ಆಸ್ಪತ್ರೆಯೊಂದರವರು ಅದನ್ನು ದೊಡ್ಡದಾಗಿ ಮಾಡಿ ಗೋಡೆಗೆ ಹಾಕುತ್ತೇವೆ ಎಂದಿದ್ದಾರೆ. ನೀನೀಗ ಪ್ರಸಿದ್ಧಳು, ಬೀಗಬೇಡ!

ತಂಗಿ

ಜನವರಿ 6

ತಂಗಿಗೆ,

ಮುಳ್ಳಿನ ಮಾತು ಕೇಳು. ಕಣ್ಣು ತನಗೆ ಬೇಕಾದದ್ದನ್ನು ನೋಡುತ್ತದೆ. ನಿನ್ನ ಕಣ್ಣಂತೂ ಯಾವಾಗಲೂ ಹಾಗೇ.

ಚಿತ್ರದ ವಿಷಯ ಬರೆದಿದ್ದೀಯ. ಆಸ್ಪತ್ರೆಯ ಗೋಡೆಗೆ ಅದು ಆಗಲೇ ಬಂದಾಗಿದೆ. ಪಕ್ಕದ ಕನ್ನಡಕದ ಅಂಗಡಿಯವರು ನೋಡಿಕೊಂಡು ಬಂದು, “ನೀವೇ ಅಲ್ವಾ ಅದು? ಪಾಪ, ಎಷ್ಟು ಮಾಡಿದ್ರಿ!” ಎಂದರು. ಅಪ್ಪನ ಮಲದ ಬಟ್ಟೆ ಬದಲಾಯಿಸುತ್ತಿರುವ ನನ್ನ ಕೈ, ಹೆಗಲಿನಿಂದ ಜಾರಿದ ನನ್ನ ಅಂಗಿ, ಅಳುವಾಗ ತೆರೆದುಕೊಂಡ ನನ್ನ ಬಾಯಿ, ಎಲ್ಲವೂ ಸ್ಪಷ್ಟವಾಗಿದೆಯಂತೆ. ಒಂದು ಕೂದಲೂ ಮಸುಕಾಗಿಲ್ಲವಂತೆ. ಅಪ್ಪ ಹಾಸಿಗೆ ಹಿಡಿದು ಸಾಯುವವರೆಗಿನ ಎರಡು ವರ್ಷದಲ್ಲಿ ನೀನು ಆ ಮನೆಗೆ ಬಂದದ್ದು ನಾಲ್ಕು ದಿನ. ಬಾಗಿಲಲ್ಲಿ ನಿಂತದ್ದು ಒಂದು ನಿಮಿಷ. ಒಳಗೆ ಬಂದು ಒಂದು ಕಡೆ ಹಿಡಿದುಕೊಳ್ಳುತ್ತೀಯೆಂದು ನಾನು ಕಾಯುತ್ತಿದ್ದೆ.

ಮೂರರಿಂದ ಹತ್ತರವರೆಗಿನ ರೋಲು ಬಂದವು. ಚೆನ್ನಾಗಿವೆ.

ಅಕ್ಕ

ಫೆಬ್ರವರಿ 14

ಅಕ್ಕ,

ನಿನ್ನ ಕಾಗದಕ್ಕೆ ಒಂದು ತಿಂಗಳು ಉತ್ತರಿಸಲಿಲ್ಲ. ಏನು ಬರೆಯಲಿ? ಆ ಚಿತ್ರ ನನ್ನ ಬದುಕನ್ನು ಬದಲಿಸಿತು. ನಿನ್ನನ್ನು ಕೇಳಬೇಕಿತ್ತೇನೋ. ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ, ಅದಕ್ಕೇ ಕೇಳಲಿಲ್ಲ. ಅಪ್ಪನೇ ಕ್ಯಾಮೆರಾವನ್ನು ನನ್ನ ಕೈಗಿಟ್ಟು, “ಇದು ನೋಡೋರಿಗೆ ಸೇರಬೇಕು, ರಿಪೇರಿ ಮಾಡೋರಿಗಲ್ಲ” ಎಂದರಲ್ಲ. ಆ ಸಿಟ್ಟನ್ನು ಎಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿರುತ್ತೀಯ?

ಇರಲಿ. ಒಂದು ಕೆಲಸ ಮಾಡಿಕೊಡು. ಗಿಳಿ ದಿನಾ ನನ್ನ ಪ್ರಾಣ ತಿನ್ನುತ್ತಾಳೆ: “ಮೂರು ತಿಂಗಳಿಂದ ಟಕ್ ಟಕ್ ಅಂತೀರಿ, ಒಂದಾದ್ರೂ ಮುಖ ತೋರಿಸಿದ್ರಾ? ಅದರೊಳಗೆ ಫಿಲ್ಮ್ ಇದ್ಯೋ, ಬರೀ ಡಬ್ಬನೋ?” ಹುಟ್ಟಿದಾಗಿನಿಂದ ಅವಳದೊಂದು ಫೋಟೋ ಇಲ್ಲವಂತೆ. ಏಳನೆಯ ರೋಲಿನಲ್ಲಿ ಅವಳು ರಾಶಿಯ ಮೇಲೆ ಕೂತು ನಗುವುದಿದೆ. ಅದೊಂದನ್ನು ಪ್ರಿಂಟ್ ಮಾಡಿ ಕಳಿಸು.

ತಂಗಿ

ಮಾರ್ಚ್ 1

ತಂಗಿಗೆ,

ಪ್ರಿಂಟಿನ ಕಾಗದ ಮುಗಿದಿದೆ, ತರಿಸಬೇಕು. ಅಂಚೆಯಲ್ಲಿ ಮಡಚಿಹೋಗುತ್ತದೆ ಕೂಡ. ನೀನು ಬಂದ ಮೇಲೆ ಎಲ್ಲವನ್ನೂ ಒಟ್ಟಿಗೆ ಕೂತು ನೋಡೋಣ. ನಾನೂ ಆ ದಿನಕ್ಕೆ ಕಾಯುತ್ತಿದ್ದೇನೆ.

ಅವಳಿಗೆ ಹೇಳು, ನಗು ಚೆನ್ನಾಗಿ ಬಂದಿದೆ.

ಅಕ್ಕ

ಮಾರ್ಚ್ 19

ಅಕ್ಕ,

ಗಿಳಿ ಇಲ್ಲ.

ಹದಿನಾರರ ಮಧ್ಯಾಹ್ನ ಎರಡು ಗಂಟೆಗೆ ಎರಡನೇ ಕುದಿಮನೆಯ ಕಡಾಯಿ ಸೀಳಿತು. ಅದರ ಒಂದು ಬದಿ ತುಕ್ಕು ಹಿಡಿದು ಕಾಗದದಂತಾಗಿದೆ ಎಂದು ಅವರು ತಿಂಗಳುಗಟ್ಟಲೆಯಿಂದ ಹೇಳುತ್ತಿದ್ದರು. ಕುದಿಯುವ ಉಪ್ಪುನೀರು ಒಂದೇ ಸಲಕ್ಕೆ ಹೊರಗೆ ಬಂತು. ನಾನು ಒಂದನೇ ಶೆಡ್ಡಿನ ಕಡೆಗಿದ್ದೆ. ಮೊದಲು ಸದ್ದು ಕೇಳಿತು, ಆಮೇಲೆ ಹಬೆ, ಆಮೇಲೆ ಏನೂ ಕೇಳಲಿಲ್ಲ. ಹದಿನಾಲ್ಕು ಜನ ಒಳಗಿದ್ದರು. ದೊಡ್ಡಮ್ಮ ಅವತ್ತು ಬೆಳಿಗ್ಗೆಯಿಂದಲೇ ನೀರಿನ ಟ್ಯಾಂಕರಿಗಾಗಿ ಕಾಯುತ್ತಾ ಕೊಡ ಹಿಡಿದು ನಿಂತಿದ್ದಳು.

ಮಾಲೀಕನ ಜನ ಸಂಜೆಯೊಳಗೆ ಎಲ್ಲರನ್ನೂ ಬಟ್ಟೆಯಲ್ಲಿ ಸುತ್ತಿ ಹೂಳಿಸಿಬಿಟ್ಟರು. ಯಾರು ಯಾರೆಂದು ಗುರುತು ಹಿಡಿಯುವಂತಿರಲಿಲ್ಲ. ಮರುದಿನ ಅಧಿಕಾರಿ ಬಂದಾಗ ಮಾಲೀಕ ಹಾಜರಿ ಪುಸ್ತಕ ತೆರೆದು ತೋರಿಸಿದ. ಸತ್ತವರು ಮೂರು ಜನವಂತೆ. ಉಳಿದ ಹನ್ನೊಂದು ಜನ ಇಲ್ಲಿ ಯಾವತ್ತೂ ಕೆಲಸಕ್ಕೇ ಇರಲಿಲ್ಲವಂತೆ. “ಇಂಥವರು ಬರ್ತಾರೆ, ಹೋಗ್ತಾರೆ ಸಾರ್. ಎಲ್ಲಿಗೋ ಹೋಗಿರ್ತಾರೆ” ಎಂದ. ದೊಡ್ಡಮ್ಮ ಅಲ್ಲೇ ನಿಂತಿದ್ದಳು.

ಸತ್ತವರ ಮನೆಯವರ ಮಾತಿಗೆ ಬೆಲೆ ಬರಲು ಒಂದೇ ದಾರಿ. ವಿಚಾರಣೆ ಮೇ ತಿಂಗಳಲ್ಲಿದೆ. ಮೂರು ಜನ ಎಂದಾದರೆ ಅದು ಅಪಘಾತ, ಒಂದನೇ ಕುದಿಮನೆ ನಡೆಯುತ್ತಲೇ ಇರುತ್ತದೆ. ಅದರ ಕಡಾಯಿಯೂ ಅಷ್ಟೇ ಹಳೆಯದು. ಹದಿನಾಲ್ಕು ಎಂದಾದರೆ ಮುಚ್ಚಲೇಬೇಕು. ಹನ್ನೊಂದು ಜನರೂ ಇಲ್ಲಿದ್ದರು ಎನ್ನುವುದಕ್ಕೆ ಇರುವ ಒಂದೇ ಸಾಕ್ಷಿ ನನ್ನ ಚಿತ್ರಗಳು. ಹದಿನಾರನೇ ತಾರೀಕು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಹದಿನಾಲ್ಕೂ ಜನರನ್ನು ಶೆಡ್ಡಿನ ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿ ತೆಗೆದಿದ್ದೇನೆ. ಆ ರೋಲು ಇದರ ಜೊತೆಗಿದೆ. ಅದನ್ನೂ ಹಿಂದಿನವನ್ನೂ ಪ್ರಿಂಟ್ ಮಾಡು. ಮುಖಗಳು ದೊಡ್ಡದಾಗಿ, ಸ್ಪಷ್ಟವಾಗಿ ಬರಲಿ. ಸಿಟ್ಟು ಸೆಡವು ಎಲ್ಲ ಆಮೇಲೆ ಇಟ್ಟುಕೊಳ್ಳೋಣ.

ನಿನ್ನ ಕೈ ಹಿಡಿದು ಕೇಳುತ್ತಿದ್ದೇನೆ.

ತಂಗಿ

ಏಪ್ರಿಲ್ 2

ತಂಗಿ,

ಈ ಕಾಗದವನ್ನು ಐದು ಸಲ ಬರೆದು ಹರಿದಿದ್ದೇನೆ.

ಮುಖಗಳಿಲ್ಲ. ಒಂದು ರೋಲಿನಲ್ಲೂ ಇಲ್ಲ. ಮೊದಲ ರೋಲಿನಿಂದಲೇ ಇರಲಿಲ್ಲ. ಚೆನ್ನಾಗಿ ಬಂದಿವೆ ಎಂದು ನಾನು ಬರೆದದ್ದೆಲ್ಲ ಸುಳ್ಳು.

ನೀನು ಹೊರಡುವ ಹಿಂದಿನ ದಿನ ಕ್ಯಾಮೆರಾ ಬಿಚ್ಚಿದೆನಲ್ಲ, ಆ ಬೆಳಿಗ್ಗೆಯೇ ನಿನ್ನ ಪ್ರದರ್ಶನದ ಆಮಂತ್ರಣ ಅಂಚೆಯಲ್ಲಿ ಬಂದಿತ್ತು. ಅದರ ಮೇಲೆ ನನ್ನ ಚಿತ್ರ. ಹೊಸ ಬ್ಯಾಟರಿಗೆ ಮುಳ್ಳನ್ನು ಕೆಳಗಿಳಿಸಬೇಕಿತ್ತು. ನಾನು ತಿರುಪನ್ನು ಇನ್ನೊಂದು ಕಡೆಗೆ ತಿರುಗಿಸಿದೆ. ಎರಡು ಸೆಕೆಂಡಿನ ಕೆಲಸ. ಇರುವುದಕ್ಕಿಂತ ನಾಲ್ಕು ಪಟ್ಟು ಬೆಳಕಿದೆ ಎಂದು ಮುಳ್ಳು ಹೇಳುವಂತೆ ಮಾಡಿದೆ. ಅದರ ಮೇಲೆ ಉಪ್ಪಿನ ಬಿಳುಪು ತನ್ನ ಮೋಸವನ್ನು ತಾನು ಮಾಡಿತು. ಎರಡೂ ಸೇರಿ ನೆರಳಿನಲ್ಲಿದ್ದ ಮುಖಗಳಿಗೆ ಏನೂ ಉಳಿಯಲಿಲ್ಲ. ನೀನು ಕೇಳಿದಾಗ ಅಂಗೈಯನ್ನು ಅವರ ಮುಖದ ಹತ್ತಿರ ನೆರಳಿನಲ್ಲಿ ಹಿಡಿದು ಮುಳ್ಳನ್ನು ಓದು ಎಂದು ಹೇಳಬಹುದಿತ್ತು. ಲೆನ್ಸನ್ನು ಇನ್ನೂ ತೆರೆ ಎನ್ನಬಹುದಿತ್ತು. ನಿನ್ನ ಕಣ್ಣು ಸರಿಯಾಗಿಯೇ ಹೇಳಿತ್ತು.

ವರ್ಷ ಮುಗಿದು ನೀನು ಬಂದಾಗ ಆ ಖಾಲಿ ಫಿಲ್ಮನ್ನೆಲ್ಲ ಮೇಜಿನ ಮೇಲೆ ಸುರಿದು ‘ನೋಡು, ನೋಡುವವರು ಕಂಡದ್ದು ಇಷ್ಟು’ ಎನ್ನಬೇಕೆಂದಿದ್ದೆ. ಆ ಗಳಿಗೆಯನ್ನು ನೆನೆದುಕೊಂಡು ಎಷ್ಟೋ ಸಂಜೆ ಸುಖಪಟ್ಟಿದ್ದೇನೆ. ಆ ಹೆಂಗಸರು ನನ್ನ ತಲೆಗೇ ಬರಲಿಲ್ಲ. ನಿನ್ನ ಕಾಗದದಲ್ಲಿ ಬರುವ ಹೆಸರುಗಳಾಗಿದ್ದರು, ಅಷ್ಟೇ.

ಹದಿನಾರರ ರೋಲನ್ನು ಹೆಚ್ಚು ಹೊತ್ತು ತೊಳೆದೆ. ಆಮೇಲೆ ಅಪ್ಪ ಬಳಸುತ್ತಿದ್ದ ಮದ್ದು, ತೆಳು ನೆಗೆಟಿವನ್ನು ಗಟ್ಟಿ ಮಾಡುವಂಥದ್ದು, ಅದರಲ್ಲೂ ಎರಡು ಸಲ ಅದ್ದಿದೆ. ಇದ್ದ ಬೆಳ್ಳಿಯನ್ನು ಅದು ಬಲಪಡಿಸುತ್ತದೆ. ಬೆಳಕೇ ಬೀಳದ ಕಡೆ ಬಲಪಡಿಸಲು ಏನೂ ಇರುವುದಿಲ್ಲ. ಬಂದದ್ದಿಷ್ಟು, ಒಂದು ಪ್ರಿಂಟ್ ಇಟ್ಟಿದ್ದೇನೆ. ಬಾಗಿಲು ಕಾಣುತ್ತದೆ, ಹಿಂದಿನ ಉಪ್ಪಿನ ರಾಶಿಯ ಬಿಳುಪು ಕಾಣುತ್ತದೆ, ಕರಿಹಲಗೆ ಕಾಣುತ್ತದೆ. ಮುಂದೆ ನಿಂತವರು ಮಸಿಯಲ್ಲಿ ಕತ್ತರಿಸಿ ಅಂಟಿಸಿದ ಹಾಗಿದ್ದಾರೆ.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ.

ಅಕ್ಕ

ಏಪ್ರಿಲ್ 12

ನಿನ್ನನ್ನು ಏನೆಂದು ಕರೆಯಲಿ?

ಕಾಗದ ಓದಿ ಮೂರು ದಿನ ಯಾರ ಮುಖವನ್ನೂ ನೋಡಲಿಲ್ಲ. ನಾಲ್ಕನೆಯ ದಿನ ದೊಡ್ಡಮ್ಮ ತಾನೇ ಬಂದು ಪ್ರಿಂಟನ್ನು ನನ್ನ ಕೈಯಿಂದ ಎಳೆದುಕೊಂಡಳು. ನಾನು ಕ್ಯಾಮೆರಾ ಕೆಟ್ಟಿತ್ತು ಎಂದೆ, ಇನ್ನೇನೂ ಹೇಳಲಿಲ್ಲ. ಅವಳು ಬಹಳ ಹೊತ್ತು ನೋಡಿ ಒಂದು ನೆರಳಿನ ಮೇಲೆ ಬೆರಳಿಟ್ಟಳು. “ಇದು ನನ್ನ ಮಗಳು. ಎಲ್ಲರೂ ಸುಮ್ಮನೆ ನಿಂತಿದ್ರೆ ಇವಳೊಬ್ಬಳು ಪಕ್ಕಕ್ಕೆ ತಿರುಗಿ ಮಾತಾಡ್ತಾ ಇದ್ದಾಳೆ ನೋಡಿ” ಎಂದಳು.

ಅವರ ಪರವಾಗಿ ವಾದಿಸುವ ವಕೀಲೆಗೆ ಅದನ್ನು ತೋರಿಸಿದೆ. ಅವರು ಭೂತಗನ್ನಡಿ ಹಿಡಿದು ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. ಸೀಮೆಸುಣ್ಣ ಬಿಳಿಯದಾದ್ದರಿಂದ ಹಲಗೆಯ ಬರಹ ಉಳಿದಿದೆ. ಮಾರ್ಚ್ 16, ಕುದಿಮನೆ 2, ಆಳು 3. ಅದರ ಕೆಳಗೆ ಬುಟ್ಟಿ ಕೋಲು ಹಿಡಿದ ಹದಿನಾಲ್ಕು ನೆರಳು. “ಮುಖ ಯಾಕೆ ಬೇಕು? ತಲೆ ಎಣಿಸಿದ್ರೆ ಸಾಕು. ಪುಸ್ತಕ ಸುಳ್ಳು ಅಂತ ಆದ್ರೆ ಉಳಿದದ್ದೆಲ್ಲ ತಾನಾಗಿ ಬೀಳತ್ತೆ” ಎಂದರು. ಚಿತ್ರ ಕಪ್ಪಾಗಿರುವುದಕ್ಕೆ ಬಿಸಿಲಿನ ವಿರುದ್ಧ ತೆಗೆದದ್ದೆಂದರೆ ಮುಗಿಯಿತು, ಅದು ಸುಳ್ಳೂ ಅಲ್ಲ.

ಆದ್ದರಿಂದ ನೀನು ಮಾಡಬೇಕಾದದ್ದು ಎರಡೇ. ನೆಗೆಟಿವನ್ನು ಜೋಪಾನವಾಗಿ ಕಳಿಸು. ಆಮೇಲೆ ಬಾಯಿ ಮುಚ್ಚಿಕೊಂಡಿರು. ತಿರುಪು, ಮದ್ದು, ನಮ್ಮಿಬ್ಬರ ನಡುವಿನ ವಿಷ, ಒಂದು ಮಾತೂ ಯಾರ ಕಿವಿಗೂ ಬೀಳಬಾರದು. ಇದೊಂದನ್ನು ನಡೆಸಿಕೊಡು. ಆಮೇಲೆ ನಾವು ಮತ್ತೆ ಮಾತಾಡಬೇಕಾಗಿಲ್ಲ.

ತಂಗಿ

ಏಪ್ರಿಲ್ 13

ತಂಗಿ,

ನಿನ್ನಿಂದ ಉತ್ತರವಿಲ್ಲ. ಬರುವುದೂ ಇಲ್ಲವೆಂದುಕೊಂಡಿದ್ದೇನೆ.

ಹತ್ತು ದಿನ ಅನ್ನ ಸೇರಲಿಲ್ಲ. ಅಂಗಡಿಯ ಬಾಗಿಲು ತೆರೆಯಲಿಲ್ಲ. ಕಡೆಗೆ ನಿನ್ನೆ ಮನಸ್ಸು ಗಟ್ಟಿ ಮಾಡಿ ವಿಚಾರಣಾಧಿಕಾರಿಗೆ ಎಲ್ಲವನ್ನೂ ಬರೆದೆ. ಮೀಟರನ್ನು ನಾನೇ ಕೆಡಿಸಿದ್ದು, ಯಾಕೆ ಕೆಡಿಸಿದ್ದು, ಐದು ತಿಂಗಳು ಸುಳ್ಳು ಹೇಳಿದ್ದು, ನೆಗೆಟಿವನ್ನು ಮದ್ದಿನಲ್ಲಿ ಅದ್ದಿದ್ದು, ಒಂದನ್ನೂ ಬಚ್ಚಿಡಲಿಲ್ಲ. ತಪ್ಪು ನನ್ನದು, ನನ್ನ ತಂಗಿಯದಲ್ಲ, ಆ ಹೆಂಗಸರಿಗೆ ನ್ಯಾಯ ಸಿಗಲಿ ಎಂದು ಬರೆದು ಕೆಳಗೆ ರುಜು ಹಾಕಿದೆ. ಇವತ್ತು ಬೆಳಿಗ್ಗೆ ರಿಜಿಸ್ಟರ್ ಅಂಚೆಯಲ್ಲಿ ಹೋಯಿತು.

ಮನಸ್ಸು ಹಗುರವಾಯಿತು. ಬಹಳ ದಿನಗಳ ಮೇಲೆ ಇವತ್ತು ಹೊಟ್ಟೆ ತುಂಬ ಉಂಡೆ.

ನೀನು ಒಂದು ದಿನ ನನ್ನನ್ನು ಅರ್ಥ ಮಾಡಿಕೊಳ್ಳುತ್ತೀಯ.

ಅಕ್ಕ

ಮೇ 29

ಅಕ್ಕ,

ವಿಚಾರಣೆ ಮುಗಿಯಿತು. ಮುಕ್ಕಾಲು ಗಂಟೆ ಹಿಡಿಯಿತು, ಅಷ್ಟೇ.

ನಮ್ಮ ವಕೀಲೆ ಚಿತ್ರವನ್ನು ಮುಂದಿಟ್ಟು ನೆರಳುಗಳನ್ನು ಒಂದೊಂದಾಗಿ ಎಣಿಸಿದರು. ಅಧಿಕಾರಿಯೂ ತನ್ನ ಪೆನ್ನಿನ ತುದಿಯಲ್ಲಿ ಎಣಿಸಿದ. ಹದಿನಾಲ್ಕಕ್ಕೆ ಬಂದು ತಲೆಯೆತ್ತಿ ಮಾಲೀಕನ ಮುಖ ನೋಡಿದ. ಆ ಕ್ಷಣದಲ್ಲಿ, ನೀನು ಅಧಿಕಾರಿಗೆ ಬರೆದ ಕಾಗದ ಕಡತದಲ್ಲೇ ಹೂತುಹೋಗಿರಬೇಕು, ನಾವು ಗೆದ್ದೆವೆಂದುಕೊಂಡೆ. ಹಿಂದಿನ ಬೆಂಚಿನಲ್ಲಿ ಯಾರೋ ಒಬ್ಬ ತಾಯಿ ಬಿಕ್ಕಿದಳು.

ಆಗ ಮಾಲೀಕನ ವಕೀಲ ಎದ್ದು ಅದೇ ಕಡತದಿಂದ ನಿನ್ನ ಕಾಗದವನ್ನು ತೆಗೆಸಿ ಓದಿದ. ಪೂರ್ತಿ ಓದಿದ, ಅವಸರವಿಲ್ಲದೆ. ನಿನ್ನ ಅಕ್ಷರ ಮುತ್ತಿನ ಹಾಗಿರುತ್ತದಲ್ಲ, ಎಲ್ಲೂ ತಡವರಿಸಬೇಕಾಗಲಿಲ್ಲ. ಅಪ್ಪನ ಮಲದ ಬಟ್ಟೆಯವರೆಗೂ ಓದಿದ. ಆಮೇಲೆ ಹೇಳಿದ: “ಮೀಟರ್ ತಿರುಚಿದ್ದು ಅಂತ ಅವರೇ ಬರೆದಿದ್ದಾರೆ. ನೆಗೆಟಿವ್‌ಗೆ ಮದ್ದು ಹಾಕಿದ್ದು ಅಂತ ಬರೆದಿದ್ದಾರೆ. ಐದು ತಿಂಗಳು ಸುಳ್ಳು ಹೇಳಿದ್ದೀನಿ ಅಂತಾನೂ ಬರೆದಿದ್ದಾರೆ. ಇಂಥ ಕೈಯಿಂದ ಬಂದ ಚಿತ್ರದಲ್ಲಿ ಹದಿನಾಲ್ಕು ನೆರಳಿದ್ರೇನು, ನಲವತ್ತಿದ್ರೇನು ಸ್ವಾಮಿ?” ಅಧಿಕಾರಿ ಚಿತ್ರವನ್ನು ಮಗುಚಿ ಇಟ್ಟ. ಸತ್ತವರು ಮೂರು ಜನ ಎಂದು ಬರೆಸಿದ.

ಒಂದನೇ ಕುದಿಮನೆ ನಡೆಯುತ್ತಿದೆ. ದೊಡ್ಡಮ್ಮ ಈಗ ಅಲ್ಲಿಯ ಹಲಗೆಯ ಮೇಲೆ ನಿಲ್ಲುತ್ತಾಳೆ. ಬೇರೆ ಕೆಲಸ ಎಲ್ಲಿದೆ? ಹೊರಗೆ ಬಂದ ಮೇಲೆ ಅವಳು ನನ್ನನ್ನು ಕೇಳಿದಳು: “ನಿಮ್ಮ ಅಕ್ಕ ಯಾಕೆ ಬರೆದ್ರು?”

“ತಪ್ಪು ಮಾಡಿದ್ದು ಸಹಿಸಕ್ಕಾಗಲಿಲ್ಲ ಅಂತ ಬರೆದಳು” ಎಂದೆ.

“ಹಾಗಾದ್ರೆ ಒಳ್ಳೆಯವರೇ ಇರಬೇಕು” ಎಂದಳು. “ಒಳ್ಳೆಯವರ ಮನಸ್ಸು ನಿರಾಳ ಆಗಬೇಕಲ್ಲಮ್ಮ. ಅದಕ್ಕೂ ನಮ್ಮೋರೇ ಸಾಯಬೇಕಾಯ್ತು.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಅವರಿಗೆ ಆ ಚಿತ್ರ ಬೇಕಂತೆ. ಹದಿನಾಲ್ಕು ಮನೆಗೂ ಒಂದೊಂದು. ಅವರ ಹತ್ತಿರ ಬೇರೆ ಏನೂ ಇಲ್ಲ. ನೆಗೆಟಿವನ್ನು ಇದರ ಜೊತೆ ವಾಪಸು ಇಟ್ಟಿದ್ದೇನೆ, ನಿನ್ನ ಕೈಯಿಂದಲೇ ಮಾಡಿ ಕಳಿಸು.

ತಂಗಿ

ಜೂನ್ 20

ತಂಗಿ,

ಹದಿನಾಲ್ಕು ಪ್ರಿಂಟ್ ಕಳಿಸಿದ್ದೇನೆ, ನಡುವೆ ರಟ್ಟು ಇಟ್ಟು ಕಟ್ಟಿದ್ದೇನೆ. ಒಂದೊಂದನ್ನೂ ಎಷ್ಟೋ ಸಲ ಮಾಡಿ ನೋಡಿದೆ. ಮುಖ ತೆಗೆಯಲಾಗಲಿಲ್ಲ. ಅಂಚುಗಳನ್ನಾದರೂ ಚೂಪಾಗಿ ತಂದಿದ್ದೇನೆ.

ನಿನ್ನ ಏಪ್ರಿಲ್ ಕಾಗದ ನನ್ನ ಕೈಸೇರಿದ್ದು ಹತ್ತೊಂಬತ್ತನೆಯ ತಾರೀಕು. ನಾನು ಅಧಿಕಾರಿಗೆ ಬರೆದದ್ದನ್ನು ತಡೆಯಲು ಅಂಚೆಯವನ ಹಿಂದೆಯೇ ಓಡಿದೆ. ಆರು ದಿನ ತಡವಾಗಿತ್ತು.

ನಾನು ಅಲ್ಲಿಗೆ ಬರಲೇ? ಅವರ ಮುಂದೆ ನಿಲ್ಲುತ್ತೇನೆ. ಏನಾದರೂ ಅನ್ನಲಿ, ಹೊಡೆಯಲಿ.

ಅಕ್ಕ

ಜುಲೈ 11

ಅಕ್ಕ,

ಬರಬೇಡ. ನಿನ್ನನ್ನು ಹೊಡೆಯುವಷ್ಟು ಪುರುಸೊತ್ತು ಇಲ್ಲಿ ಯಾರಿಗೂ ಇಲ್ಲ.

ಪ್ರಿಂಟುಗಳು ಬಂದವು. ಭಾನುವಾರ ಎಲ್ಲರನ್ನೂ ದೊಡ್ಡಮ್ಮನ ಮನೆಯ ಮುಂದೆ ಕೂರಿಸಿ ಹಂಚಿದೆ. ಒಬ್ಬೊಬ್ಬರೂ ತಮ್ಮ ಮನೆಯವಳನ್ನು ಹುಡುಕಿಕೊಂಡರು. ಬುಟ್ಟಿ ಹಿಡಿದ ರೀತಿ, ಸೊಂಟ ವಾಲಿಸಿ ನಿಂತ ರೀತಿ, ಕುಳ್ಳಿ, ಉದ್ದದವಳು. ಹನ್ನೆರಡು ನೆರಳುಗಳಿಗೆ ಮನೆ ಸಿಕ್ಕಿತು.

ಉಳಿದದ್ದು ಎರಡು. ಎಡದಿಂದ ಐದನೆಯವಳು ಗಲ್ಲವೆತ್ತಿ ನೇರವಾಗಿ ನಿಂತಿದ್ದಾಳೆ. ಅವಳನ್ನು ಇಬ್ಬರು ತಾಯಂದಿರು ನನ್ನ ಮಗಳು, ನನ್ನ ಮಗಳು ಎನ್ನುತ್ತಿದ್ದಾರೆ. ಇನ್ನೊಬ್ಬಳು ಸಾಲಿನ ಕೊನೆಯಲ್ಲಿ, ಬೆನ್ನು ಬಾಗಿಸಿ ಕೈಯಲ್ಲಿ ಮುಖ ಹಿಡಿದುಕೊಂಡ ಹಾಗಿದ್ದಾಳೆ. ಅವಳನ್ನು ಇಬ್ಬರೂ ಒಪ್ಪುತ್ತಿಲ್ಲ. “ನನ್ನ ಮಗಳು ಯಾವತ್ತೂ ಹಾಗೆ ನಿಂತೋಳಲ್ಲ” ಎಂದು ಒಬ್ಬಳು, “ಮತ್ತೆ ನನ್ನ ಮಗಳು ನಿಂತಿದ್ಳಾ?” ಎಂದು ಇನ್ನೊಬ್ಬಳು. ಇಪ್ಪತ್ತು ವರ್ಷ ಒಂದೇ ಹಲಗೆಯ ಮೇಲೆ ಕೆಲಸ ಮಾಡಿದವರು, ಒಬ್ಬಳ ಮಗುವಿಗೆ ಇನ್ನೊಬ್ಬಳು ಹಾಲೂಡಿಸಿದವರು. ಈಗ ಮಾತು ಬಿಟ್ಟಿದ್ದಾರೆ. ನಿನ್ನೆ ಟ್ಯಾಂಕರಿನ ಸಾಲಿನಲ್ಲಿ ಕೈ ಕೈ ಮಿಲಾಯಿಸಿದರು. ಯಾರು ಎಲ್ಲಿ ನಿಂತಿದ್ದರೆಂದು ನನಗೂ ನೆನಪಿಲ್ಲ. ತೆಗೆಯುವಾಗ ನಾನು ಮುಳ್ಳನ್ನೇ ನೋಡುತ್ತಿದ್ದೆ.

ಆ ನೆಗೆಟಿವನ್ನು ಭೂತಗನ್ನಡಿಯಲ್ಲಿ ನಿನ್ನಷ್ಟು ನೋಡಿದವರು ಇನ್ನಾರೂ ಇಲ್ಲ ಎಂದು ಅವರಿಗೆ ಹೇಳಿದ್ದೇನೆ. ಇಬ್ಬರೂ ಒಪ್ಪಿದ್ದಾರೆ. ಐದನೆಯವಳು ಯಾರ ಮಗಳೆಂದು ನೀನು ಹೇಳಬೇಕಂತೆ. ಒಬ್ಬಳ ಮಗಳಿಗೆ ಎಡಗೆನ್ನೆಯ ಮೇಲೆ ಮಚ್ಚೆಯಿತ್ತು, ಇನ್ನೊಬ್ಬಳ ಮಗಳಿಗೆ ಇರಲಿಲ್ಲ. ನೋಡಿ ಬರೆ. ಏನು ಬರೆದರೂ ಅವರು ನಂಬುತ್ತಾರೆ.

ಬೇಗ ಬರೆ. ಇಬ್ಬರೂ ದಿನಾ ಅಂಚೆಯವನ ದಾರಿ ಕಾಯುತ್ತಿದ್ದಾರೆ.

ತಂಗಿ